ಮುಂದಿನ ಬ್ರೇಕಿನ ಭಯ



ಹಾಡು ಮತ್ತು ಜಾಹೀರಾತಿನ ನಡುವೆ ಅರ್ಧ ನಿಮಿಷದಲ್ಲಿ ಮಾತು ಮುಗಿಸಿ ಅಭ್ಯಾಸವಾದ ನನ್ನಂಥವರಿಗೆ ಈ ಪುಟಗಳಲ್ಲಿ ಜಾಗ ಸಿಕ್ಕಿದರೆ ಹಬ್ಬ. ಈ ಸಲದ ಜಾಗವನ್ನು ಬೈಕಿನ ಮುಂದಿನ ಎರಡು ಕಾಲುಗಳಿಗೆ ಕೊಡುತ್ತಿದ್ದೇನೆ. ಪುಸ್ತಕದಲ್ಲಿ ಅದಕ್ಕೆ ಫೋರ್ಕ್ ಎನ್ನುತ್ತಾರೆ. ಗ್ಯಾರೇಜಿನಲ್ಲಿ ಮುಂದಿನ ಶಾಕಪ್ ಎಂದರೆ ಸಾಕು.

ನೀವು ಬೈಕ್ ಕಲಿತದ್ದು ಯಾರಿಂದ? ಅಪ್ಪನೋ, ಅಣ್ಣನೋ, ಪಕ್ಕದ ಮನೆಯವರೋ, ಯಾರೇ ಇರಲಿ, ಮೊದಲ ಪಾಠ ಮಾತ್ರ ಒಂದೇ ಇದ್ದೀತು: "ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ!" ಈ ಮಾತು ಅರ್ಧ ಸುಳ್ಳು. ಬ್ರೇಕ್ ಹಿಡಿದ ತಕ್ಷಣ ಗಾಡಿಯ ಭಾರ ಮುಂದಕ್ಕೆ ಸರಿಯುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರವನ್ನು ಎಷ್ಟು ಬಿಗಿಹಿಡಿದರೂ ಅದು ಜಾರುತ್ತದೆಯೇ ಹೊರತು ಗಾಡಿಯನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನ ಬ್ರೇಕಿನದೇ. ಹೀಗಿರುವಾಗ ನಮ್ಮ ಹಿರಿಯರು ಅದಕ್ಕೆ ಅಷ್ಟು ಹೆದರಿದ್ದು ಯಾಕೆ? ಅವರೇನೂ ದಡ್ಡರಲ್ಲ. ಅವರು ಹೆದರಿದ್ದು ಬ್ರೇಕಿಗಲ್ಲ, ಬ್ರೇಕ್ ಹಿಡಿದಾಗ ಮೂಗು ನೆಲಕ್ಕೆ ಕುಕ್ಕುವ ಶಾಕಪ್ಪಿಗೆ ಎಂದು ನನ್ನ ಲೆಕ್ಕ. ಈ ಲೆಕ್ಕ ನನಗೆ ಹತ್ತಿದ್ದು ಕೊಚ್ಚಿಯಲ್ಲಿ, ಮೊಣಕಾಲು ತರಚಿಕೊಂಡ ಮೇಲೆ.

ನನ್ನ ಸೋದರಮಾವ ಎರ್ನಾಕುಳಂನ ಒಂದು ಉಡುಪಿ ಹೋಟೆಲಿನಲ್ಲಿ ವರ್ಷಗಟ್ಟಲೆ ಗಲ್ಲಾದಲ್ಲಿ ಕೂತವರು. ಅವರ ಬಳಿ ಮೈಸೂರಿನಲ್ಲಿ ತಯಾರಾದ ಒಂದು ಯೆಜ್ಡಿ ಇತ್ತು. ಮಗಳು ತಿರುವನಂತಪುರದಲ್ಲಿ ಓದುತ್ತಿದ್ದಳು. ತಿಂಗಳಿಗೊಮ್ಮೆ ಚೇರ್ತಲ, ಆಲಪ್ಪುಳ, ಕಾಯಂಕುಳಂ, ಕೊಲ್ಲಂ ದಾಟಿ ಇನ್ನೂರು ಚಿಲ್ಲರೆ ಕಿಲೋಮೀಟರು ಅದರ ಮೇಲೆಯೇ ಹೋಗಿ ಅವಳನ್ನು ನೋಡಿ ಬರುತ್ತಿದ್ದರು. ಕೆಲಸ ಬಿಟ್ಟು ಊರಿಗೆ ಹೊರಟಾಗ ಗಾಡಿಯ ಕೀಲಿ ನನ್ನ ಕೈಗಿಟ್ಟರು. "ತಗೊಂಡು ಹೋಗು ಮಾರಾಯ. ಮುಂದಿನ ಬ್ರೇಕ್ ಮಾತ್ರ ಮುಟ್ಟಬೇಡ" ಎಂದರು.

ಗಾಡಿ ಮುಗ್ಗರಿಸುತ್ತಿತ್ತು, ನಿಜ. ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಎರಡು ಮೂರು ಸಲ ತಲೆಯಾಡಿಸಿ ಆಮೇಲೆ ನಿಲ್ಲುತ್ತಿತ್ತು. ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯವರು ಹಳೆಯ ಎಣ್ಣೆ ಚೆಲ್ಲಿ, 90 ನಂಬರಿನ ಗೇರ್ ಆಯಿಲ್ ಸುರಿದು, "ಈಗ ನೋಡಿ, ಕಲ್ಲಿನ ಹಾಗೆ" ಎಂದರು. ಕಲ್ಲೇ ಸರಿ! ಎರಡು ದಿನ ನನಗೂ ಖುಷಿ. ಬ್ರೇಕ್ ಹಿಡಿದರೆ ಮೂಗು ಬಗ್ಗುವುದೇ ಇಲ್ಲ. ಮೂರನೆಯ ದಿನ ಮಳೆ. ತೇವರದಿಂದ ಕುಂಡನ್ನೂರಿಗೆ ಹೋಗುವ ಸೇತುವೆಯ ಮೇಲೆ, ಕಾಂಕ್ರೀಟಿನ ಕೀಲುಗಳು ಒಂದರ ಹಿಂದೊಂದು ಬರುವಲ್ಲಿ, ಎದುರಿನ ಕಾರು ನಿಂತಿತು. ಬ್ರೇಕ್ ಹಿಡಿದೆ. ಮುಂದಿನ ಚಕ್ರ ಕೀಲಿನ ಅಂಚಿಗೆ ತಾಗಿ ಚೆಂಡಿನ ಹಾಗೆ ಪುಟಿಯಿತು. ಪುಟಿದ ಚಕ್ರಕ್ಕೆ ನೆಲದ ಹಿಡಿತವೆಲ್ಲಿಂದ ಬರಬೇಕು? ಬಿದ್ದೆ. ಹಿಂದಿನಿಂದ ಬರುತ್ತಿದ್ದ ಬಸ್ಸಿನ ಡ್ರೈವರ್ ಎಚ್ಚರಿದ್ದುದರಿಂದ ಈ ಲೇಖನ ಬರೆಯುತ್ತಿದ್ದೇನೆ.

ತೋಪ್ಪುಂಪಡಿಯ ಕಡೆ ಒಬ್ಬ ಹಳೆಯ ಮೆಕ್ಯಾನಿಕ್ ಇದ್ದಾರೆ ಎಂದು ಯಾರೋ ಹೇಳಿದರು. ಕೇರಳದಲ್ಲಿ ಇಂಥವರನ್ನು ಎಲ್ಲರೂ ಆಶಾನ್ ಎಂದೇ ಕರೆಯುವುದು, ನಮ್ಮಲ್ಲಿ ಮೇಸ್ತ್ರಿ ಎನ್ನುವ ಹಾಗೆ. ಆಶಾನ್ ಹ್ಯಾಂಡಲ್ ಹಿಡಿದು ಒಂದು ಸಲ ಅದುಮಿದರು. ತೋರುಬೆರಳಿನಿಂದ ಎಣ್ಣೆ ಮುಟ್ಟಿ ಮೂಸಿದರು. ಆಮೇಲೆ ಕೇಳಿದರು: "ಮೋನೇ, ಸ್ಪ್ರಿಂಗಿಗೆ ಕಾಯಿಲೆ, ಎಣ್ಣೆಗೆ ಔಷಧಿ ಹಾಕಿದ್ದು ಯಾರು?"

ಆ ಒಂದು ಪ್ರಶ್ನೆಯಲ್ಲಿ ಶಾಕಪ್ಪಿನ ನೂರು ವರ್ಷದ ಇತಿಹಾಸ ಇದೆ. ಅದನ್ನೇ ನಿಮಗೆ ಹೇಳಬೇಕೆಂದಿದ್ದೇನೆ.

ಮೊದಲು ಎರಡು ಮಾತು. ಶಾಕಪ್ಪಿನ ಒಳಗೆ ಇರುವುದು ಒಂದು ಸ್ಪ್ರಿಂಗ್, ಒಂದಿಷ್ಟು ಎಣ್ಣೆ. ಸ್ಪ್ರಿಂಗ್ ಭಾರ ಹೊರುತ್ತದೆ. ಎಷ್ಟು ಅದುಮಿದಿರಿ ಎನ್ನುವುದಷ್ಟೇ ಅದಕ್ಕೆ ಗೊತ್ತು, ಎಷ್ಟು ಬೇಗ ಅದುಮಿದಿರಿ ಎನ್ನುವುದು ಗೊತ್ತಿಲ್ಲ. ಎಣ್ಣೆಯದು ತದ್ವಿರುದ್ಧ. ಅದು ಒಂದು ಗ್ರಾಂ ಭಾರವನ್ನೂ ಹೊರುವುದಿಲ್ಲ. ಚಲನೆ ಇದ್ದಾಗ ಸಣ್ಣ ತೂತುಗಳಲ್ಲಿ ನುಸುಳುತ್ತಾ, ವೇಗವನ್ನು ತಡೆಯುತ್ತದೆ. ಸ್ಪ್ರಿಂಗ್ ಇಲ್ಲದಿದ್ದರೆ ಗಾಡಿ ಕುಸಿದು ಕೂರುತ್ತದೆ. ಎಣ್ಣೆ ಇಲ್ಲದಿದ್ದರೆ ಕುಣಿಯುತ್ತಲೇ ಇರುತ್ತದೆ.

ಈ ಎರಡು ಕೆಲಸ ಬೇರೆ ಬೇರೆ ಎಂದು ತಿಳಿಯಲು ದೊಡ್ಡ ದೊಡ್ಡ ಕಂಪನಿಗಳಿಗೇ ದಶಕಗಳು ಹಿಡಿದವು. ಇಂಗ್ಲೆಂಡಿನ ಯಾರ್ಕ್‌ಶೈರಿನ ಆಲ್ಫ್ರೆಡ್ ಸ್ಕಾಟ್ 1908ರಲ್ಲೇ ಕೊಳವೆಯೊಳಗೆ ಕೊಳವೆ ಜಾರುವ ಫೋರ್ಕನ್ನು ತನ್ನ ಬೈಕಿಗೆ ಹಾಕಿದ್ದ. ಸ್ಪ್ರಿಂಗ್ ಇತ್ತು, ಅದನ್ನು ಹಿಡಿದು ನಿಲ್ಲಿಸಲು ಎಣ್ಣೆ ಇರಲಿಲ್ಲ. ಉಳಿದವರೆಲ್ಲ ಗರ್ಡರ್ ಫೋರ್ಕ್ ಹಿಡಿದುಕೊಂಡರು. ಹಳೆಯ ಯುದ್ಧದ ಸಿನಿಮಾಗಳಲ್ಲಿ ನೀವು ನೋಡಿರುತ್ತೀರಿ: ಹೆಡ್‌ಲೈಟಿನ ಹಿಂದೆ ಒಂದು ದಪ್ಪ ಸ್ಪ್ರಿಂಗ್, ಪಕ್ಕದಲ್ಲಿ ಕೈಯಿಂದ ತಿರುಗಿಸುವ ಗುಬುಟು. ಗುಬುಟು ತಿರುಗಿಸಿದರೆ ಒಳಗಿನ ಬಿಲ್ಲೆಗಳು ಒಂದಕ್ಕೊಂದು ಬಿಗಿಯಾಗಿ ಉಜ್ಜಿ ಕುಣಿತವನ್ನು ತಡೆಯುತ್ತವೆ. ಈ ಉಜ್ಜುವಿಕೆಯಲ್ಲಿ ಒಂದು ದೋಷವಿದೆ. ಸಣ್ಣ ಕಲ್ಲಿಗೂ ದೊಡ್ಡ ಗುಂಡಿಗೂ ಅದರ ಪ್ರತಿರೋಧ ಸುಮಾರಾಗಿ ಒಂದೇ. ಕಲ್ಲಿಗೆ ಬಗ್ಗುವುದಿಲ್ಲ, ಗುಂಡಿಗೆ ಸಾಲುವುದಿಲ್ಲ. ಎಣ್ಣೆ ಹಾಗಲ್ಲ, ನಿಧಾನಕ್ಕೆ ಅದುಮಿದರೆ ದಾರಿ ಬಿಡುತ್ತದೆ, ಜೋರಾಗಿ ಅದುಮಿದರೆ ಎದುರು ನಿಲ್ಲುತ್ತದೆ.

1934ರಲ್ಲಿ ಡೆನ್ಮಾರ್ಕಿನ ನಿಂಬಸ್ ಕಂಪನಿ ಕೊಳವೆ ಫೋರ್ಕನ್ನು ಮತ್ತೆ ತಂದಿತು. ಮರುವರ್ಷ, 1935ರಲ್ಲಿ, ಜರ್ಮನಿಯ ಬಿಎಂಡಬ್ಲ್ಯು ತನ್ನ ಆರ್12 ಬೈಕಿನ ಕೊಳವೆಗಳೊಳಗೆ ಎಣ್ಣೆಯಿಂದ ಕುಣಿತ ತಡೆಯುವ ವ್ಯವಸ್ಥೆ ಇಟ್ಟು ಮಾರಾಟಕ್ಕೆ ಬಿಟ್ಟಿತು. ಇವತ್ತು ನಿಮ್ಮ ಮನೆಯ ಮುಂದೆ ನಿಂತಿರುವ ಬೈಕಿನ ಶಾಕಪ್ ಇದರ ಮರಿಮಗು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ನಾರ್ಟನ್ನುಗಳೂ ಬಿಎಸ್‌ಎಗಳೂ ಗರ್ಡರ್ ಫೋರ್ಕಿನಲ್ಲೇ ಓಡಿದವು. 1941ರ ಮ್ಯಾಚ್‌ಲೆಸ್ ಮಾತ್ರ ಎಣ್ಣೆಯ ಫೋರ್ಕಿಗೆ ಬದಲಾಯಿತು, ಅದಕ್ಕೆ ಟೆಲಿಡ್ರಾಲಿಕ್ ಎಂದು ಹೆಸರಿಟ್ಟರು. ಶತ್ರುವಿನ ಬಿಎಂಡಬ್ಲ್ಯು ನೋಡಿಯೇ ಕಲಿತದ್ದು ಎಂದು ಬಲ್ಲವರು ಹೇಳುತ್ತಾರೆ. ಕಲಿಯುವುದಕ್ಕೆ ಶತ್ರುವಾದರೇನು.

ಈಗ ನಮ್ಮ ಕಡೆಗೆ ಬರೋಣ. ಜರ್ಮನ್ನರು ಪ್ರಾಗ್ ನಗರವನ್ನು ಹಿಡಿದುಕೊಂಡಿದ್ದ ದಿನಗಳಲ್ಲಿ ಜಾವಾ ಕಂಪನಿಯ ಎಂಜಿನಿಯರುಗಳು ಗುಟ್ಟಾಗಿ ಒಂದು ಬೈಕ್ ರೂಪಿಸುತ್ತಿದ್ದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದು ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಹೊರಬಂತು. ಮುಂದೆ ಕೊಳವೆ ಫೋರ್ಕ್, ಹಿಂದಿನ ಚಕ್ರಕ್ಕೂ ಸ್ಪ್ರಿಂಗ್. ಜನ ಅದನ್ನು ಪೆರಾಕ್ ಎಂದು ಕರೆದರು. ಚೆಕ್ ಭಾಷೆಯಲ್ಲಿ ಪೆರೊ ಎಂದರೆ ಸ್ಪ್ರಿಂಗ್. ನೋಡಿ, ಸ್ಪ್ರಿಂಗು ಎಷ್ಟು ದೊಡ್ಡ ಸುದ್ದಿಯಾಗಿತ್ತೆಂದರೆ ಗಾಡಿಗೇ ಅದರ ಹೆಸರು! 1954ರಿಂದ ಬಂದ 250 ಸಿಸಿಯ ಮುಂದಿನ ಮಾದರಿಯೇ ಮೈಸೂರಿಗೆ ಬಂದದ್ದು. ಮಹಾರಾಜ ಜಯಚಾಮರಾಜ ಒಡೆಯರ ಬೆಂಬಲದೊಂದಿಗೆ ಇರಾನಿ ಕುಟುಂಬದವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಯಾದವಗಿರಿಯಲ್ಲಿ ಉತ್ಪಾದನೆ ಶುರುಮಾಡಿತು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು, ಇರಾನಿನ ಯಜ್ದ್ ಊರಿನ ನೆನಪಿಗೆ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅತ್ತ ಮದರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿ, ಬುಲೆಟ್ಟೂ ಎಣ್ಣೆಯ ಫೋರ್ಕಿನೊಂದಿಗೇ ಬಂತು. ಅಂದರೆ ಬಿಎಂಡಬ್ಲ್ಯುವಿನ ಎಣ್ಣೆ ನಮ್ಮ ರಸ್ತೆಗಳಿಗೆ ಬರಲು ಕಾಲು ಶತಮಾನವೂ ಬೇಕಾಗಲಿಲ್ಲ.

ಬಾರದೇ ಉಳಿದದ್ದು ತಿಳಿವಳಿಕೆ. ಎಂಜಿನ್ನಿನ ಎಣ್ಣೆ ಬದಲಿಸಬೇಕೆಂದು ಎಲ್ಲರಿಗೂ ಗೊತ್ತು. ಶಾಕಪ್ಪಿನ ಎಣ್ಣೆಯೂ ಹಳತಾಗುತ್ತದೆ, ಲೋಹದ ಪುಡಿ ಸೇರಿ ಕಪ್ಪಾಗುತ್ತದೆ, ತೆಳುವಾಗುತ್ತದೆ ಎನ್ನುವುದನ್ನು ಕೇಳುವವರೇ ಇಲ್ಲ. ಸೀಲ್ ಹರಿದು ಕಾಲುಗಳ ಮೇಲೆ ಎಣ್ಣೆ ಇಳಿದಾಗ ಮಾತ್ರ ನೆನಪು. ಕೊಚ್ಚಿಯಂಥ ಕಡಲ ಊರಿನಲ್ಲಿ ಅದು ಬೇಗ ಆಗುತ್ತದೆ. ಉಪ್ಪಿನ ಗಾಳಿಗೆ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಸಣ್ಣ ಸಣ್ಣ ತುಕ್ಕಿನ ಕಲೆ ಬೀಳುತ್ತದೆ, ಆ ಕಲೆ ಪ್ರತಿ ಸಲ ಮೇಲೆ ಕೆಳಗೆ ಹೋದಾಗಲೂ ರಬ್ಬರ್ ಸೀಲನ್ನು ಕೆರೆಯುತ್ತದೆ. ಸೀಲ್ ಮಾತ್ರ ಹೊಸದು ಹಾಕಿ, ಕಲೆಯನ್ನು ಹಾಗೇ ಬಿಟ್ಟರೆ, ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ.

ಆಶಾನ್ ಎರಡೂ ಸ್ಪ್ರಿಂಗ್ ಹೊರತೆಗೆದು ಬೆಂಚಿನ ಮೇಲೆ ಪಕ್ಕಪಕ್ಕ ನಿಲ್ಲಿಸಿದರು. ಒಂದು ಇನ್ನೊಂದಕ್ಕಿಂತ ಬೆರಳಗಲ ಗಿಡ್ಡ. ಅದರ ತಲೆಯ ಮೇಲೆ ಯಾವ ಕಾಲದಲ್ಲೋ ಯಾರೋ ಇಟ್ಟ ನಾಲ್ಕು ವಾಷರು. ನಮ್ಮ ಗ್ಯಾರೇಜುಗಳ ಮತ್ತೊಂದು ಮಂತ್ರ ಇದು: ಸ್ಪ್ರಿಂಗ್ ಸೋತರೆ ವಾಷರ್ ತುರುಕು. ಇದರಿಂದ ಏನಾಗುತ್ತದೆ, ಲೆಕ್ಕ ಹಾಕಿ ನೋಡಿ. ಎರಡೂ ಸ್ಪ್ರಿಂಗ್ ಸೇರಿ ಒಂದು ಮಿಲಿಮೀಟರ್ ಅದುಮಲು ಒಂದು ಕಿಲೋ ಭಾರ ಬೇಕು ಎಂದಿಟ್ಟುಕೊಳ್ಳಿ. ಎರಡು ಕಡೆಯೂ 10 ಮಿಲಿಮೀಟರ್ ವಾಷರ್ ಇಟ್ಟರೆ ಗಾಡಿಯ ಮುಂಭಾಗ 10 ಮಿಲಿಮೀಟರ್ ಎತ್ತರ ನಿಲ್ಲುತ್ತದೆ, ಅಷ್ಟೇ. ಅಲ್ಲಿಂದ ಮುಂದೆ ಪ್ರತಿ ಮಿಲಿಮೀಟರಿಗೂ ಅದೇ ಒಂದು ಕಿಲೋ. ಬ್ರೇಕ್ ಹಿಡಿದಾಗ ಮೂಗು ಮೊದಲಿನಷ್ಟೇ ಬಗ್ಗುತ್ತದೆ, ಶುರುವಾಗುವ ಜಾಗ ಮಾತ್ರ ಮೇಲೆ. ವಾಷರ್ ಎತ್ತರ ಕೊಡುತ್ತದೆ, ಗಟ್ಟಿತನ ಕೊಡುವುದಿಲ್ಲ. ಗಟ್ಟಿತನ ಬೇಕಾದರೆ ಬೇರೆ ಸ್ಪ್ರಿಂಗೇ ಬೇಕು.

ನನಗೆ ಬೇಕಾಗಿದ್ದು ಬರೀ ಸರಿಯಾದ ಅಳತೆಯ ಹೊಸ ಜೋಡಿ ಸ್ಪ್ರಿಂಗ್. ಸರಿ ಎಂದು ಹೇಗೆ ಗೊತ್ತು? ಸವಾರ ಕೂತಾಗ ಫೋರ್ಕ್ ತನ್ನ ಒಟ್ಟು ಓಟದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ತಗ್ಗಬೇಕು. ಅಷ್ಟೂ ತಗ್ಗದಿದ್ದರೆ ಚಕ್ರಕ್ಕೆ ಗುಂಡಿಯೊಳಗೆ ಇಳಿಯಲು ಓಟವಿರುವುದಿಲ್ಲ. ಅದಕ್ಕಿಂತ ಹೆಚ್ಚು ತಗ್ಗಿದರೆ ಉಬ್ಬಿಗೆ ಏರಲು ಓಟ ಉಳಿಯುವುದಿಲ್ಲ.

ಆಮೇಲೆ ಎಣ್ಣೆ. ಇಲ್ಲಿ ಆಶಾನ್ ಹೇಳಿದ್ದನ್ನು ಸ್ವಲ್ಪ ನಿಧಾನವಾಗಿ ಓದಿ. ಹಳೆಯ ರೀತಿಯ ಫೋರ್ಕುಗಳಲ್ಲಿ ಎಣ್ಣೆ ಹೋಗುವುದು ಕೊರೆದಿಟ್ಟ ತೂತಿನ ಮೂಲಕ. ತೂತಿನ ಗಾತ್ರ ಬದಲಾಗುವುದಿಲ್ಲ. ಇಂಥ ತೂತಿನಲ್ಲಿ ವೇಗ ಎರಡು ಪಟ್ಟಾದರೆ ಪ್ರತಿರೋಧ ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಹಿಡಿದಾಗ ಫೋರ್ಕ್ ಕುಗ್ಗುವುದು ನಿಧಾನವಾಗಿ. ಸೇತುವೆಯ ಕೀಲಿಗೆ ತಾಗಿದಾಗ ಕುಗ್ಗಬೇಕಾದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ನಿಧಾನದ ಕುಗ್ಗುವಿಕೆಯನ್ನು ತಡೆಯುವಷ್ಟು ದಪ್ಪ ಎಣ್ಣೆ ಹಾಕಿದಿರೋ, ಕೀಲಿಗೆ ತಾಗಿದಾಗ ಅದು ಬೀಗ ಹಾಕಿಕೊಳ್ಳುತ್ತದೆ. ಚಕ್ರ ಏರಲಾರದು, ಗಾಡಿಯೇ ಹಾರುತ್ತದೆ. ನಾನು ಬಿದ್ದದ್ದು ಹೀಗೆ.

ನನ್ನ ಆ ಗ್ಯಾರೇಜಿನವರನ್ನು ಬೈಯುವ ಮೊದಲು ಇನ್ನೊಂದು ಸಂಗತಿ ಕೇಳಿ. 1980ರ ದಶಕದ ಶುರುವಿನಲ್ಲಿ ಜಪಾನಿನ ಕಂಪನಿಗಳೇ ಇದನ್ನು ಬೇರೆ ರೂಪದಲ್ಲಿ ಮಾಡಿದ್ದವು. ಬ್ರೇಕ್ ಹಿಡಿದರೆ ಮೂಗು ಬಗ್ಗಬಾರದೆಂದು, ಬ್ರೇಕಿನ ಒತ್ತಡದಿಂದಲೇ ಎಣ್ಣೆಯ ದಾರಿಯನ್ನು ಕಿರಿದಾಗಿಸುವ ಯಂತ್ರವನ್ನು ಸುಝುಕಿ ಮತ್ತು ಕವಾಸಾಕಿ ತಮ್ಮ ದೊಡ್ಡ ಬೈಕುಗಳಿಗೆ ಕೂರಿಸಿದವು. ಹೋಂಡಾ ಬ್ರೇಕಿನ ತಿರುಚು ಬಲವನ್ನೇ ಬಳಸಿ ಟ್ರ್ಯಾಕ್ ಎಂಬುದನ್ನು ತಂದಿತು. ಜಾಹೀರಾತು ಜೋರಾಗಿತ್ತು. ಸವಾರರಿಗೆ ಸಿಕ್ಕಿದ್ದು ಬ್ರೇಕ್ ಹಿಡಿದೊಡನೆ ಮರಗಟ್ಟುವ ಫೋರ್ಕ್, ಅದೂ ರಸ್ತೆ ಕೆಟ್ಟಿದ್ದಲ್ಲಿ. ಆ ದಶಕ ಮುಗಿಯುವಷ್ಟರಲ್ಲಿ ಅವೆಲ್ಲ ಮೂಲೆ ಸೇರಿದವು. ಮೂಗು ಬಗ್ಗುವುದೇ ಇಲ್ಲದ ಇನ್ನೊಂದು ದಾರಿ ಎಂದರೆ ಅರ್ಲ್ಸ್ ಫೋರ್ಕ್. ಬಿಎಂಡಬ್ಲ್ಯು 1955ರಿಂದ 1969ರವರೆಗೆ ಅದನ್ನೇ ಬಳಸಿ, ಕೊನೆಗೆ ಮತ್ತೆ ಕೊಳವೆಗೇ ಮರಳಿತು. ಮೂಗು ಸ್ವಲ್ಪ ಬಗ್ಗಬೇಕು ಕೂಡ, ಮುಂದಿನ ಟೈರು ನೆಲವನ್ನು ಒತ್ತಿ ಹಿಡಿಯುತ್ತಿದೆ ಎಂದು ಕೈಗೆ ತಿಳಿಯುವುದು ಅದರಿಂದಲೇ.

ಸರಿಯಾದ ದಪ್ಪದ ಎಣ್ಣೆ ಯಾವುದು ಎಂದರೆ ಕಂಪನಿಯ ಪುಸ್ತಕದಲ್ಲಿ ಹೇಳಿದ್ದು. ಡಬ್ಬಿಯ ಮೇಲಿನ 10, 15, 20 ಎಂಬ ಅಂಕಿಗಳನ್ನು ಪೂರ್ತಿ ನಂಬಬೇಡಿ, ಒಂದು ಕಂಪನಿಯ 10 ಇನ್ನೊಂದರ 15ರಷ್ಟು ದಪ್ಪ ಇರುವುದುಂಟು. ಗೇರ್ ಆಯಿಲಿನ ಅಂಕಿಯಂತೂ ಬೇರೆಯೇ ಲೆಕ್ಕ. ಅಲ್ಲಿಯ 90 ಎಂದರೆ ಎಂಜಿನ್ ಆಯಿಲಿನ 40, 50ರ ಆಸುಪಾಸು.

ದಪ್ಪದಷ್ಟೇ ಮುಖ್ಯವಾದದ್ದು ಮಟ್ಟ. ಎಣ್ಣೆಯ ಮೇಲೆ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಫೋರ್ಕ್ ಕುಗ್ಗಿದಾಗ ಆ ಗಾಳಿಯೂ ಕುಗ್ಗಿ ಮೂರನೆಯ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಸ್ಪ್ರಿಂಗ್ ತೆಗೆದು, ಫೋರ್ಕನ್ನು ಪೂರ್ತಿ ಅದುಮಿ, ಕೊಳವೆಯ ಬಾಯಿಯಿಂದ ಎಣ್ಣೆ ಎಷ್ಟು ಕೆಳಗಿದೆ ಎಂದು ಅಳೆಯುತ್ತಾರೆ. ಲೆಕ್ಕ ಸುಲಭವಾಗಲೆಂದು ಫೋರ್ಕಿನ ಓಟ 100 ಮಿಲಿಮೀಟರ್ ಎನ್ನೋಣ. ಎಣ್ಣೆ 150 ಮಿಲಿಮೀಟರ್ ಕೆಳಗಿದ್ದರೆ, ಪೂರ್ತಿ ಕುಗ್ಗುವಷ್ಟರಲ್ಲಿ 250ರ ಗಾಳಿ 150ಕ್ಕೆ ಬರುತ್ತದೆ, ಒತ್ತಡ ಒಂದೂಮುಕ್ಕಾಲು ಪಟ್ಟಿಗೆ ಸ್ವಲ್ಪ ಕಡಿಮೆ. 100 ಕೆಳಗಿದ್ದರೆ ಎರಡು ಪಟ್ಟು. 50 ಕೆಳಗಿದ್ದರೆ ಮೂರು ಪಟ್ಟು. ಮೊದಲ ಅರ್ಧ ಓಟದಲ್ಲಿ ಅಷ್ಟೇನೂ ವ್ಯತ್ಯಾಸ ಕಾಣದು, ಕೊನೆಯಲ್ಲಿ ಗಟ್ಟಿಯಾಗುತ್ತದೆ. ಹಾಗಾಗಿ ಗುಂಡಿಯಲ್ಲಿ ಠಕ್ಕೆಂದು ತಳ ಮುಟ್ಟುವ ಫೋರ್ಕಿಗೆ ಬೇಕಾದದ್ದು ದಪ್ಪ ಎಣ್ಣೆಯಲ್ಲ, ಅದೇ ಎಣ್ಣೆ ಐದು ಹತ್ತು ಮಿಲಿಮೀಟರ್ ಮೇಲೆ. ಹೆಚ್ಚಾದರೆ ಸೀಲ್ ಕಿತ್ತುಕೊಂಡು ಬರುತ್ತದೆ, ಅದೂ ನೆನಪಿರಲಿ. ಎರಡು ಕಾಲಿನಲ್ಲೂ ಮಟ್ಟ ಒಂದೇ ಇರಬೇಕು. ಆಶಾನ್ ಅಳೆದದ್ದು ಶಾಲೆಯ ಮಕ್ಕಳ ಸ್ಟೀಲ್ ಸ್ಕೇಲಿನಿಂದ. ಮೂರು ಸಲ ಅಳೆದರು.

ತೂತಿನ ಬದಲು ತೆಳುವಾದ ತಗಡಿನ ಬಿಲ್ಲೆಗಳು ವೇಗಕ್ಕೆ ತಕ್ಕಂತೆ ಬಗ್ಗಿ ಎಣ್ಣೆಗೆ ದಾರಿ ಬಿಡುವ ಕಾರ್ಟ್ರಿಜ್ ಫೋರ್ಕುಗಳು ನಂತರ ಬಂದವು. ನಮ್ಮಲ್ಲಿ 2012ರ ಕೆಟಿಎಂ ಡ್ಯೂಕ್ 200 ತಲೆಕೆಳಗಾದ ಫೋರ್ಕನ್ನು ಕಾಲೇಜು ಹುಡುಗರ ಕೈಗೆ ಕೊಟ್ಟಿತು. 2016ರ ಹಿಮಾಲಯನ್ 200 ಮಿಲಿಮೀಟರ್ ಓಟ ತಂದಿತು. ಮುಂದಿನ ಚಕ್ರವನ್ನು ನಂಬಿ ಮರಳಿನ ಮೇಲೆ ಓಡಿಸುವವರೂ ನಮ್ಮಲ್ಲೇ ಹುಟ್ಟಿದರು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯರಾದರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಪೂರೈಸಿದರು. ಕೇರಳದ ಶೊರನೂರಿನ ಹಾರಿತ್ ನೋವಾ 2024ರಲ್ಲಿ ಅದರ ರ‍್ಯಾಲಿ-2 ವಿಭಾಗವನ್ನೇ ಗೆದ್ದರು. ಅವರ ಬೈಕಿನ ಫೋರ್ಕಿನ ಓಟ ಸುಮಾರು ಒಂದು ಅಡಿ.

ನಮಗೆ ನಿಮಗೆ ಡಕಾರ್ ಬೇಡ, ಕೊಚ್ಚಿಯ ಮಳೆಗಾಲವೇ ಸಾಕು. 2019ರ ಡಿಸೆಂಬರಿನಲ್ಲಿ ಪಾಲಾರಿವಟ್ಟಂನಲ್ಲಿ ರಸ್ತೆಗುಂಡಿಯ ದೆಸೆಯಿಂದ ಬೈಕಿನ ಯುವಕನೊಬ್ಬ ಸತ್ತ. 2022ರ ಆಗಸ್ಟಿನಲ್ಲಿ ನೆಡುಂಬಾಶ್ಶೇರಿಯ ಬಳಿ ಹೆದ್ದಾರಿಯ ಗುಂಡಿಗೆ ಸ್ಕೂಟರ್ ಬಿದ್ದು ಇನ್ನೊಬ್ಬರು ಹೋದರು. ಎರಡು ಸಲವೂ ಕೇರಳ ಹೈಕೋರ್ಟ್ ಅಧಿಕಾರಿಗಳನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ಗುಂಡಿಗೆ ಹೊಣೆ ರಸ್ತೆಯವರದೇ, ಒಳ್ಳೆಯ ಶಾಕಪ್ ಇಟ್ಟುಕೊಳ್ಳಿ ಎಂದು ಹೇಳಿ ಅವರನ್ನು ಬಿಟ್ಟುಬಿಡುವುದಕ್ಕಾಗುವುದಿಲ್ಲ. 2019ರ ಏಪ್ರಿಲಿನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು, ಒಳ್ಳೆಯದೇ. ಆದರೆ ನೆಲ ಬಿಟ್ಟ ಚಕ್ರಕ್ಕೆ ಎಬಿಎಸ್ ಏನು ಮಾಡೀತು? ಚಕ್ರವನ್ನು ನೆಲಕ್ಕೆ ಅಂಟಿಸಿಡುವವರು ಆ ಹಳೆಯ ಇಬ್ಬರೇ.

ಇನ್ನೊಂದು ಎಚ್ಚರಿಕೆ. 2019ರ ಜನವರಿಯಲ್ಲಿ ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಕಂಪನಿಯ ಮೂಲ ವಿವರಣೆಗೆ ವಿರುದ್ಧವಾಗಿ ವಾಹನ ಬದಲಿಸಬಾರದು ಎಂದಿತು. ಹಳೆಯ ಗಾಡಿಗೆ ಬೇರೆ ಬೈಕಿನ ದಪ್ಪ ಫೋರ್ಕ್ ತಂದು ಕೂರಿಸುವ ಹುಡುಗರು ಇದನ್ನು ಗಮನಿಸಬೇಕು. ಸವೆದ ಸ್ಪ್ರಿಂಗಿನ ಜಾಗಕ್ಕೆ ಹೊಸ ಸ್ಪ್ರಿಂಗ್, ಕಪ್ಪಾದ ಎಣ್ಣೆಯ ಜಾಗಕ್ಕೆ ಹೊಸ ಎಣ್ಣೆ, ಇದು ಬದಲಾವಣೆಯಲ್ಲ, ರಿಪೇರಿ.

ನಿಮ್ಮ ಗಾಡಿಯನ್ನು ಇವತ್ತೇ ನೋಡಬೇಕೆನಿಸಿದರೆ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಬಲವಾಗಿ ಅದುಮಿ ಬಿಡಿ. ಒಂದು ಸಲ ಮೇಲೆ ಬಂದು ನಿಂತರೆ ಎಣ್ಣೆ ಬದುಕಿದೆ. ಎರಡು ಮೂರು ಸಲ ತಲೆಯಾಡಿಸಿದರೆ ಹೋಗಿದೆ. ಕೊಳವೆಯ ಮೇಲೆ ಬೆರಳಾಡಿಸಿ ಜಿಡ್ಡು ಇದೆಯೇ, ತುಕ್ಕಿನ ಕಲೆ ಕೈಗೆ ತಾಗುತ್ತದೆಯೇ ನೋಡಿ. ವೈರ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕೊಳವೆಗೆ ಸಡಿಲವಾಗಿ ಕಟ್ಟಿ, ಸೀಲಿಗೆ ತಾಗಿಸಿಟ್ಟು ಒಂದು ಸುತ್ತು ಹೋಗಿ ಬನ್ನಿ. ಫೋರ್ಕ್ ಎಷ್ಟು ಕುಗ್ಗಿತೋ ಅಷ್ಟಕ್ಕೆ ಪಟ್ಟಿ ಸರಿದು ನಿಂತಿರುತ್ತದೆ.

ಆಶಾನ್ ನನ್ನ ಯೆಜ್ಡಿಯ ಮೇಲಿನ ಕವಚ ಬಿಚ್ಚಿ ಅಂಥದೇ ಪಟ್ಟಿ ಕಟ್ಟಿದರು. ಮರುದಿನ ಬೆಳಗಿನ ಜಾವ ಹೊರಟು, ಹೆದ್ದಾರಿ ಅಗಲ ಮಾಡುವ ಕೆಲಸದ ಧೂಳು, ಕೆಸರು, ತಿರುವು ದಾರಿ ಎಲ್ಲ ದಾಟಿ ಮಧ್ಯಾಹ್ನ ತಿರುವನಂತಪುರ ಸೇರಿದೆ. ಕೊಲ್ಲಂ ಬಳಿ ಎಮ್ಮೆಯೊಂದು ಅಡ್ಡ ಬಂದಾಗ ಎರಡೂ ಬ್ರೇಕ್ ಹಿಡಿದೆ. ಮೂಗು ಬಗ್ಗಿತು, ಗಾಡಿ ನಿಂತಿತು, ಎಮ್ಮೆ ನಿಂತು ನೋಡಿತು. ಅಕ್ಕನ ಮನೆಯ ಅಂಗಳದಲ್ಲಿ ಪಟ್ಟಿ ನೋಡಿದರೆ, ಪೂರ್ತಿ ಓಟಕ್ಕೆ ಇನ್ನೂ ಎರಡು ಬೆರಳು ಬಾಕಿ. ಮಾವನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಎಣ್ಣೆ ಯಾವುದು ಹಾಕಿದ್ದು? ನಂಬರ್ ಹೇಳು, ಬರಕೊಳ್ತೇನೆ" ಎಂದರು. ಊರಲ್ಲಿ ಅವರು ಒಂದು ಹಳೆಯ ಬುಲೆಟ್ ತೆಗೆದುಕೊಂಡಿದ್ದಾರಂತೆ.